ಹನ್ನೆರಡನೇ ತರಗತಿಯ ವರ್ಷ: ಮಕ್ಕಳ ನಿದ್ದೆ, ಮನಸ್ಸು ಮತ್ತು ಮನೆಯ ಔಷಧಿ ಡಬ್ಬಿ

ಜನವರಿ ಬಂತೆಂದರೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಒಂದೇ ಬಗೆಯ ಪ್ರಶ್ನೆಗಳು ಶುರುವಾಗುತ್ತವೆ. "ಮಗನಿಗೆ ನೆನಪಿನ ಶಕ್ತಿಗೆ ಒಳ್ಳೆಯ ಟಾನಿಕ್ ಯಾವುದಿದೆ?" "ಮಗಳು ಓದಲು ಕೂತರೆ ಹತ್ತು ಗಂಟೆಗೇ ತೂಕಡಿಸುತ್ತಾಳೆ, ನಿದ್ದೆ ಬಾರದ ಹಾಗೆ ಏನಾದರೂ ಕೊಡುತ್ತೀರಾ?" ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ: "ಇವನಿಗೆ ರಾತ್ರಿ ನಿದ್ದೆಯೇ ಬರುವುದಿಲ್ಲ, ಸಣ್ಣದೊಂದು ಮಾತ್ರೆ ಸಾಕು." ಫಾರ್ಮಸಿಸ್ಟ್ ಆಗಿ ನಾನು ಈ ಮೂರಕ್ಕೂ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ: ಪರೀಕ್ಷೆಗೆಂದು ಅಂಗಡಿಯಿಂದ ಒಯ್ಯುವ ಮಾತ್ರೆ ಇಲ್ಲ.

ಆದರೆ ಕೇಳಿದವರ ಆತಂಕ ನಿಜವಾದದ್ದು. ಮಹಾರಾಷ್ಟ್ರದಲ್ಲಿ ಎಚ್‌ಎಸ್‌ಸಿ, ತಮಿಳುನಾಡಿನಲ್ಲಿ ಪ್ಲಸ್ ಟೂ, ತೆಲಂಗಾಣದಲ್ಲಿ ಇಂಟರ್ ಎರಡನೇ ವರ್ಷ, ದೆಹಲಿಯಲ್ಲಿ ಹೆಚ್ಚಿನವರಿಗೆ ಸಿಬಿಎಸ್‌ಇ. ಊರಿನಿಂದ ಫೋನ್ ಮಾಡುವ ಅಜ್ಜಿಗೆ ಮಾತ್ರ ಎಲ್ಲವೂ "ಸೆಕೆಂಡ್ ಪಿಯುಸಿ". ಹೆಸರು ಯಾವುದಾದರೂ, ಹದಿನೇಳರ ಮಗುವಿನ ಮೇಲೆ ಬೋರ್ಡ್ ಪರೀಕ್ಷೆ, ಜೆಇಇ ಅಥವಾ ನೀಟ್, ಕಾಲೇಜು ಪ್ರವೇಶ ಎಲ್ಲವೂ ಒಟ್ಟಿಗೇ ಬಂದು ಬೀಳುತ್ತವೆ. ಪಾಠ ಹೇಳಿಕೊಡುವುದು ನಮ್ಮಲ್ಲಿ ಬಹುಪಾಲು ಜನರಿಗೆ ಆಗದ ಕೆಲಸ. ನಾಲ್ಕು ಕೆಲಸಗಳನ್ನು ಮಾತ್ರ ಮನೆಯವರೇ ಮಾಡಬೇಕು: ನಿದ್ದೆ ಕಾಯುವುದು, ಬೇಡದ ಔಷಧಿಯನ್ನು ದೂರ ಇಡುವುದು, ಬೇಕಾದ ಔಷಧಿ ತಪ್ಪದಂತೆ ನೋಡಿಕೊಳ್ಳುವುದು ಮತ್ತು ಮನಸ್ಸು ಕುಸಿಯುತ್ತಿದ್ದರೆ ಗುರುತಿಸುವುದು.

ಮೊದಲು ನಿದ್ದೆ

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ತಜ್ಞರು. ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗಿ ಕೂರುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ರಾತ್ರಿ ಎರಡು ಗಂಟೆಯವರೆಗೆ ಓದಿ ಐದಕ್ಕೆ ಏಳುವ ಮಗು ಓದಿನ ಸಮಯವನ್ನು ಹೆಚ್ಚಿಸಿಕೊಂಡರೂ ಓದಿದ್ದನ್ನು ಉಳಿಸಿಕೊಳ್ಳುವ ಸಮಯವನ್ನು ಕಳೆದುಕೊಳ್ಳುತ್ತದೆ.

ಇನ್ನೊಂದು ವಿಷಯ ಅನೇಕ ತಂದೆತಾಯಿಗಳಿಗೆ ಗೊತ್ತಿರುವುದಿಲ್ಲ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಹದಿಹರೆಯದಲ್ಲಿ ರಾತ್ರಿ ತಡವಾಗಿ ಏರುತ್ತದೆ. ಹತ್ತಕ್ಕೆ ಮಲಗು ಎಂದರೆ ಮಲಗದೆ, ಬೆಳಿಗ್ಗೆ ಏಳು ಎಂದರೆ ಏಳದೆ ಇರುವುದೆಲ್ಲ ಸೋಮಾರಿತನವಲ್ಲ. ಇದನ್ನು ಬೈಗುಳದಿಂದ ಬದಲಿಸಲಾಗದು, ಅಭ್ಯಾಸದಿಂದ ಸ್ವಲ್ಪ ಹಿಂದಕ್ಕೆ ತರಬಹುದು. ರಜೆಯ ದಿನವೂ ಏಳುವ ಸಮಯ ಹೆಚ್ಚು ಬದಲಾಗದಿರಲಿ. ಎದ್ದ ಕೂಡಲೇ ಬಾಲ್ಕನಿಯಲ್ಲೋ ಟೆರೇಸಿನಲ್ಲೋ ಬೆಳಕಿಗೆ ಹೋಗಲಿ. ಮಲಗುವಾಗ ಫೋನ್ ಬೇರೆ ಕೋಣೆಯಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅಲ್ಲೇ ಇರಲಿ. ಮಧ್ಯಾಹ್ನ 20ರಿಂದ 30 ನಿಮಿಷದ ನಿದ್ದೆ ಒಳ್ಳೆಯದೇ, ಸಂಜೆ ಎರಡು ಗಂಟೆ ಮಲಗಿದರೆ ರಾತ್ರಿಯ ನಿದ್ದೆ ಕೆಡುತ್ತದೆ. ಪರೀಕ್ಷೆಗೆ ಎರಡು ಮೂರು ವಾರ ಇರುವಾಗಲೇ ಪರೀಕ್ಷೆಯ ದಿನ ಏಳಬೇಕಾದ ಹೊತ್ತಿಗೆ ಏಳುವುದನ್ನು ರೂಢಿ ಮಾಡಿಸಿ.

ಕಾಫಿ ಮತ್ತು ಎನರ್ಜಿ ಡ್ರಿಂಕ್

ಕಾಫಿ ನಮ್ಮ ಮನೆಗಳ ಪಾನೀಯ, ಅದನ್ನು ಪೂರ್ತಿ ಬಿಡಿಸಬೇಕಿಲ್ಲ. ಆದರೆ ಲೆಕ್ಕ ಇರಲಿ. ದೇಹಕ್ಕೆ ಹೋದ ಕೆಫೀನಿನಲ್ಲಿ ಅರ್ಧದಷ್ಟು ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ಕೆಫೀನು ರಾತ್ರಿ ಹನ್ನೊಂದಕ್ಕೂ ದೇಹದಲ್ಲೇ ಇರುತ್ತದೆ. ಮಧ್ಯಾಹ್ನದ ನಂತರ ಕಾಫಿ ಬೇಡ ಎಂಬ ನಿಯಮ ಇಡೀ ಮನೆಗೆ ಇದ್ದರೆ ಪಾಲಿಸುವುದು ಸುಲಭ.

ಎನರ್ಜಿ ಡ್ರಿಂಕ್‌ಗಳ ಮಾತು ಬೇರೆ. ಭಾರತದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಇವುಗಳಲ್ಲಿ ಲೀಟರಿಗೆ 300 ಮಿಲಿಗ್ರಾಂವರೆಗೆ ಕೆಫೀನು ಇರಬಹುದು, ಅಂದರೆ 250 ಮಿಲಿಲೀಟರ್ ಡಬ್ಬಿಯಲ್ಲಿ 75 ಮಿಲಿಗ್ರಾಂ. ಮಕ್ಕಳಿಗೆ ಸೂಕ್ತವಲ್ಲ ಎಂಬ ಎಚ್ಚರಿಕೆಯೂ ಡಬ್ಬಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೋಚಿಂಗ್ ಕ್ಲಾಸಿನ ಹೊರಗೆ ಎರಡು ಡಬ್ಬಿ ಕುಡಿದ ಹುಡುಗ ಎದೆ ಡವಡವ, ಕೈ ನಡುಕ, ಹೊಟ್ಟೆ ತೊಳಸು ಎಂದರೆ ಅದು ಪರೀಕ್ಷೆಯ ಹೆದರಿಕೆಯೇ ಇರಬೇಕೆಂದಿಲ್ಲ. ಬೈಯುವ ಮೊದಲು ಇವತ್ತು ಏನು ಕುಡಿದೆ ಎಂದು ಕೇಳಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಅಥವಾ ತಲೆ ಸುತ್ತಿ ಬಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ನೆನಪಿನ ಶಕ್ತಿಯ ಟಾನಿಕ್

ಆರೋಗ್ಯವಾಗಿರುವ ಮಗುವಿನ ಅಂಕ ಹೆಚ್ಚಿಸುವುದೆಂದು ಸಾಬೀತಾದ ಟಾನಿಕ್ ಯಾವುದೂ ಇಲ್ಲ. ಬ್ರಾಹ್ಮಿ, ಅಶ್ವಗಂಧದ ಉತ್ಪನ್ನಗಳನ್ನು "ಗಿಡಮೂಲಿಕೆ ತಾನೇ" ಎಂದು ಕೊಡುವವರು ಒಂದು ಮಾತು ನೆನಪಿಡಿ: ಕೆಲಸ ಮಾಡುವ ಯಾವ ವಸ್ತುವಿಗೂ ಅಡ್ಡಪರಿಣಾಮ ಇರಬಹುದು. ಅಶ್ವಗಂಧ ಕೆಲವರಿಗೆ ಮಂಪರು ತರುತ್ತದೆ, ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಬದಲಿಸಬಹುದು, ಅಪರೂಪಕ್ಕೆ ಯಕೃತ್ತಿಗೂ ತೊಂದರೆ ಕೊಟ್ಟಿದೆ. ಮಗು ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಸೇರಿಸಬೇಡಿ.

ಟಾನಿಕ್ಕಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆ ಇದೆ. ಸುಸ್ತು, ಗಮನ ನಿಲ್ಲದಿರುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಇವೆಲ್ಲ ರಕ್ತಹೀನತೆಯ ಲಕ್ಷಣಗಳಾಗಿರಬಹುದು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದರೆ ಅದನ್ನು ಕಾಫಿ, ಚಹಾ, ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆ ಕೊಡಬೇಡಿ. ನಿಂಬೆ ಪಾನಕದ ಜೊತೆ ಕೊಟ್ಟರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯಿಂದ.

ಗೆಳೆಯರು ಕೊಟ್ಟ ಮಾತ್ರೆ, ಮನೆಯಲ್ಲಿದ್ದ ಮಾತ್ರೆ

ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. ಹಾಸ್ಟೆಲ್ ಮತ್ತು ಕೋಚಿಂಗ್ ಗೆಳೆಯರ ನಡುವೆ ಮೂರು ಬಗೆಯ ಮಾತ್ರೆಗಳು ಕೈ ಬದಲಾಯಿಸಬಹುದು.

ಒಂದು, ಎಚ್ಚರವಾಗಿರಲು ನುಂಗುವ ಮೋಡಾಫಿನಿಲ್, ಮೀಥೈಲ್‌ಫೆನಿಡೇಟ್. ಮೊದಲನೆಯದು ನಿದ್ರಾರೋಗಕ್ಕೆ, ಎರಡನೆಯದು ಮುಖ್ಯವಾಗಿ ಎಡಿಎಚ್‌ಡಿ ಎಂಬ ಗಮನದ ತೊಂದರೆಗೆ ತಜ್ಞರು ಬರೆಯುವ ಔಷಧಿ. ಆ ಕಾಯಿಲೆ ಇಲ್ಲದವರು ನುಂಗಿದರೆ ನಿದ್ದೆ, ಹಸಿವು, ಹೃದಯ ಬಡಿತ ಏರುಪೇರಾಗಬಹುದು, ಮೋಡಾಫಿನಿಲ್‌ನಿಂದ ಅಪರೂಪಕ್ಕೆ ಜೀವಕ್ಕೆ ಅಪಾಯವಾಗುವ ಚರ್ಮದ ಪ್ರತಿಕ್ರಿಯೆಯೂ ಬರಬಹುದು.

ಎರಡು, ನಿದ್ದೆಗೆಂದು ನುಂಗುವ ಅಲ್ಪ್ರಜೋಲಾಂನಂಥ ಮಾತ್ರೆ. ಇದು ಹೆಚ್ಚಾಗಿ ಬರುವುದು ಅಜ್ಜನ ಡಬ್ಬಿಯಿಂದ. ಹೊಸ ನೆನಪು ಮೂಡುವುದನ್ನೇ ತಡೆಯುವ ಗುಣ ಈ ಗುಂಪಿನ ಔಷಧಿಗಳಿಗಿದೆ. ರಾತ್ರಿ ಓದಿ, ಇದನ್ನು ನುಂಗಿ ಮಲಗಿ, ಬೆಳಿಗ್ಗೆ ಮಂಪರಿನಲ್ಲಿ ಪರೀಕ್ಷೆಗೆ ಹೋಗುವುದು ಓದಿದ್ದನ್ನು ಕೈಯಾರೆ ಅಳಿಸಿಕೊಂಡಂತೆ. ಅಭ್ಯಾಸವೂ ಬೇಗ ಅಂಟಿಕೊಳ್ಳುತ್ತದೆ. ಇದು ಎಚ್1 ಪಟ್ಟಿಯ ಔಷಧಿ. ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಚೀಟಿ ಕೇಳುವ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಮೂರು, ಎದೆಬಡಿತ ತಗ್ಗಿಸಲು ಕೊಡುವ ಪ್ರೊಪ್ರನೊಲಾಲ್. ಆಸ್ತಮಾ ಇರುವ ಮಗು ಇದನ್ನು ನುಂಗಿದರೆ ಉಸಿರಾಟ ಕಟ್ಟುವ ಅಪಾಯವಿದೆ. ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನಲ್ಲಿ ಸಕ್ಕರೆ ಇಳಿದಾಗ ಕಾಣಬೇಕಾದ ಎದೆಬಡಿತ, ನಡುಕಗಳನ್ನು ಇದು ಮುಚ್ಚಿಬಿಡುತ್ತದೆ.

ನೆಗಡಿ, ತಲೆನೋವು, ಮುಟ್ಟು

ಫೆಬ್ರುವರಿಯಲ್ಲಿ ನೆಗಡಿ, ಅಲರ್ಜಿ ಹೊಸದೇನಲ್ಲ. ಆದರೆ ನೆಗಡಿಯ ಮಾತ್ರೆಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಮಂಪರು ತರುತ್ತದೆ. ಸೆಟ್ರಿಜಿನ್, ಲಿವೊಸೆಟ್ರಿಜಿನ್ ಕೂಡ ಹಲವರಿಗೆ ಹಾಗೆಯೇ. ಫೆಕ್ಸೊಫೆನಡಿನ್‌ನಲ್ಲಿ ಈ ತೊಂದರೆ ಕಡಿಮೆ, ಆದರೆ ಹಣ್ಣಿನ ರಸದ ಜೊತೆ ನುಂಗಿದರೆ ಅದು ಸರಿಯಾಗಿ ದೇಹಕ್ಕೆ ಸೇರುವುದಿಲ್ಲ, ನೀರಿನಲ್ಲೇ ತೆಗೆದುಕೊಳ್ಳಬೇಕು. ಯಾವುದು ಹೊಂದುತ್ತದೆ ಎಂದು ವೈದ್ಯರನ್ನು ಕೇಳಿ, ಪ್ರಿಲಿಮ್ಸ್ ಹೊತ್ತಿಗೇ ತಿಳಿದುಕೊಳ್ಳಿ. ಮಗು ಹಿಂದೆಂದೂ ತೆಗೆದುಕೊಳ್ಳದ ಔಷಧಿಯನ್ನು ಪರೀಕ್ಷೆಯ ಹಿಂದಿನ ರಾತ್ರಿ ಮೊದಲ ಸಲ ಕೊಡಬೇಡಿ.

ತಲೆನೋವಿಗೆ ಪ್ಯಾರಸಿಟಮಾಲ್ ಕೊಡುವಾಗ ನೆಗಡಿಯ ಮಾತ್ರೆಯ ಪಟ್ಟಿಯನ್ನೂ ಓದಿ. ಬಹಳಷ್ಟು ನೆಗಡಿ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಮೊದಲೇ ಸೇರಿರುತ್ತದೆ, ಎರಡನ್ನೂ ಕೊಟ್ಟರೆ ಪ್ರಮಾಣ ದುಪ್ಪಟ್ಟಾಗುತ್ತದೆ. ವಾರಕ್ಕೆ ಎರಡು ಮೂರು ಸಲ ತಲೆನೋವು ಬರುತ್ತಿದ್ದರೆ ಮಾತ್ರೆ ಬದಲು ಕಣ್ಣಿನ ಪರೀಕ್ಷೆ, ನಿದ್ದೆ, ನೀರು, ಬಿಟ್ಟುಹೋದ ತಿಂಡಿ ಇವುಗಳ ಕಡೆ ನೋಡಿ, ವೈದ್ಯರಿಗೆ ತೋರಿಸಿ.

ಮುಟ್ಟು ಮುಂದೂಡುವ ಮಾತ್ರೆ ಕೇಳಿಕೊಂಡು ಪರೀಕ್ಷೆಯ ಹಿಂದಿನ ದಿನ ಅಂಗಡಿಗೆ ಬರುವ ತಾಯಂದಿರಿದ್ದಾರೆ. ನೊರೆಥಿಸ್ಟೆರಾನ್ ಎಂಬ ಆ ಮಾತ್ರೆಯನ್ನು ಮುಟ್ಟಿನ ದಿನಕ್ಕೆ ಕೆಲವು ದಿನ ಮೊದಲೇ ಶುರು ಮಾಡಬೇಕು, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಅದು ಆಗದು. ಬೇಕೇ ಬೇಕೆನಿಸಿದರೆ ಒಂದು ತಿಂಗಳು ಮೊದಲೇ ಸ್ತ್ರೀರೋಗ ತಜ್ಞರನ್ನು ಕಾಣಿ. ಹೆಚ್ಚಿನ ಹುಡುಗಿಯರಿಗೆ ಹೊಟ್ಟೆನೋವಿಗೆ ವೈದ್ಯರು ಹೇಳಿದ ಮಾತ್ರೆಯನ್ನು ಊಟದ ನಂತರ ತೆಗೆದುಕೊಂಡು, ಪ್ಯಾಡ್ ಇಟ್ಟುಕೊಂಡು ಹೋದರೆ ಸಾಕಾಗುತ್ತದೆ.

ಈಗಾಗಲೇ ಔಷಧಿಯಲ್ಲಿರುವ ಮಕ್ಕಳು

"ಈ ಮಾತ್ರೆಯಿಂದ ಮಂಕಾಗುತ್ತಾಳೆ, ಪರೀಕ್ಷೆ ಮುಗಿಯುವವರೆಗೆ ನಿಲ್ಲಿಸೋಣ." ಈ ಮಾತು ಮನೆಯಲ್ಲಿ ಬಂದರೆ ಅಲ್ಲೇ ತಡೆಯಿರಿ. ಮೂರ್ಛೆರೋಗದ ಮಾತ್ರೆ ಒಂದೆರಡು ದಿನ ತಪ್ಪಿದರೂ ಫಿಟ್ಸ್ ಬರಬಹುದು. ನಿದ್ದೆಗೆಟ್ಟರೂ ಬರಬಹುದು. ಪರೀಕ್ಷೆಯ ವಾರದಲ್ಲಿ ಈ ಎರಡೂ ಒಟ್ಟಿಗೆ ಆಗುವ ಸಾಧ್ಯತೆ ಹೆಚ್ಚು. ಮಂಪರಿನ ತೊಂದರೆ ನಿಜವಿದ್ದರೆ ಡಿಸೆಂಬರಿನೊಳಗೆ ವೈದ್ಯರಿಗೆ ಹೇಳಿ. ಪ್ರಮಾಣವನ್ನೋ ಸಮಯವನ್ನೋ ಬದಲಿಸಲು ಅವರಿಗೆ ದಾರಿಗಳಿರುತ್ತವೆ.

ಆಸ್ತಮಾ ಇದ್ದರೆ ದಿನವೂ ತೆಗೆದುಕೊಳ್ಳುವ ಇನ್ಹೇಲರ್ ಬಿಡಬಾರದು. ತುರ್ತಿನ ಇನ್ಹೇಲರ್ ಚೀಲದಲ್ಲಿರಲಿ, ಅದನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಶಾಲೆಯಿಂದ ಮೊದಲೇ ಅನುಮತಿ ಪಡೆಯಿರಿ.

ಟೈಪ್ 1 ಮಧುಮೇಹ ಇರುವ ಮಕ್ಕಳಿಗೆ ಸಿಬಿಎಸ್‌ಇ ಪರೀಕ್ಷೆಯಲ್ಲಿ ಸಕ್ಕರೆ ಮಾತ್ರೆ ಅಥವಾ ಚಾಕೊಲೇಟ್, ಬಾಳೆ, ಸೇಬು, ಕಿತ್ತಳೆಯಂಥ ಹಣ್ಣು, ಸ್ಯಾಂಡ್‌ವಿಚ್‌ನಂಥ ತಿಂಡಿ, ಸಣ್ಣ ನೀರಿನ ಬಾಟಲಿ, ಗ್ಲುಕೋಮೀಟರ್ ಮತ್ತು ಅದರ ಸ್ಟ್ರಿಪ್ ಒಯ್ಯಲು ಅವಕಾಶವಿದೆ. ಇದು ತಾನಾಗಿ ಸಿಗುವುದಿಲ್ಲ. ವೈದ್ಯರ ಪ್ರಮಾಣಪತ್ರದೊಂದಿಗೆ ಪ್ರಿನ್ಸಿಪಾಲರ ಮೂಲಕ ಮೊದಲೇ ಕೇಳಿಕೊಳ್ಳಬೇಕು. ರಾಜ್ಯ ಮಂಡಳಿಯ ಪರೀಕ್ಷೆಯಾದರೆ ಅಲ್ಲಿನ ನಿಯಮವನ್ನು ಶಾಲೆಯಲ್ಲೇ ಕೇಳಿ ಲಿಖಿತವಾಗಿ ಪಡೆಯಿರಿ. ಪರೀಕ್ಷೆಯ ಒತ್ತಡ ಕೆಲವು ಮಕ್ಕಳಲ್ಲಿ ಸಕ್ಕರೆ ಏರಿಸುತ್ತದೆ, ಇನ್ಸುಲಿನ್ ಹಾಕಿ ತಿಂಡಿ ಬಿಟ್ಟರೆ ಇಳಿಸುತ್ತದೆ. ಹಾಗಾಗಿ ಪರೀಕ್ಷೆಯ ಬೆಳಿಗ್ಗೆ ತಿಂಡಿ ತಿನ್ನದೆ ಹೊರಡುವುದು ಬೇಡ. ಇಡ್ಲಿಯೋ ಉಪ್ಪಿಟ್ಟೋ ಚಪಾತಿಯೋ, ರೂಢಿಯಲ್ಲಿರುವುದೇ ಸಾಕು.

ಕಲಿಕಾ ನ್ಯೂನತೆ, ದೃಷ್ಟಿದೋಷ ಅಥವಾ ಬೇರೆ ಅಂಗವೈಕಲ್ಯ ಇರುವ ಮಕ್ಕಳಲ್ಲಿ ನಿಯಮಕ್ಕೆ ಒಳಪಡುವವರಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ, ಅಗತ್ಯವಿದ್ದರೆ ಬರೆಯುವ ಸಹಾಯಕರು ಸಿಗುತ್ತಾರೆ. ಇದಕ್ಕೂ ಪ್ರಮಾಣಪತ್ರ ಬೇಕು, ಶಾಲೆಯ ವರ್ಷ ಆರಂಭವಾದಾಗಲೇ ಕೆಲಸ ಶುರು ಮಾಡಿ.

"ಬೋರ್ ಆಗ್ತಿದೆ" ಎಂದರೆ ಏನು?

ಆರೋಗ್ಯದ ಕರಪತ್ರಗಳನ್ನು ಕನ್ನಡಕ್ಕೆ ತರುವಾಗ ನಾವು "ಖಿನ್ನತೆ" ಎಂದು ಬರೆಯುತ್ತೇವೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಳೆದ, ಮನೆಯಲ್ಲಿ ಮಾತ್ರ ಕನ್ನಡ ಆಡುವ ಹುಡುಗನಿಗೆ ಆ ಪದವೇ ಗೊತ್ತಿರುವುದಿಲ್ಲ. ಅವನು "ಬೋರ್ ಆಗ್ತಿದೆ", "ಮೂಡ್ ಇಲ್ಲ", "ಏನೂ ಬೇಡ ಅನ್ಸತ್ತೆ" ಎನ್ನುತ್ತಾನೆ. ಹುಡುಗಿ ಮಾತಿಲ್ಲದೆ ದಿನವೂ ತಲೆನೋವು, ಹೊಟ್ಟೆನೋವು ಎನ್ನಬಹುದು. ಪದಕ್ಕಿಂತ ಬದಲಾವಣೆಯನ್ನು ಗಮನಿಸಿ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಬೇಜಾರು ಅಥವಾ ಸಿಡುಕು, ಇಷ್ಟದ ಆಟ, ಹಾಡು, ಗೆಳೆಯರು ಯಾವುದೂ ಬೇಡವಾಗುವುದು, ಊಟ ನಿದ್ದೆ ಕೆಡುವುದು, "ನನ್ನಿಂದ ಯಾರಿಗೂ ಉಪಯೋಗ ಇಲ್ಲ" ಎಂಬ ಮಾತು, ತನ್ನ ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಇವು ಪರೀಕ್ಷೆಯ ಮಾಮೂಲು ಒತ್ತಡವಲ್ಲ.

ಹಾಗನ್ನಿಸಿದರೆ ಕೇಳಿ. ಮೇಜಿನ ಎದುರು ಕೂರಿಸಿ ವಿಚಾರಣೆ ಬೇಡ. ಸ್ಕೂಟರಿನಲ್ಲಿ ಹೋಗುವಾಗ, ಪಾತ್ರೆ ಒರೆಸುವಾಗ, ಪಕ್ಕಪಕ್ಕದಲ್ಲಿದ್ದಾಗ ಮಾತು ಸುಲಭ. "ಇತ್ತೀಚೆಗೆ ತುಂಬಾ ಸುಸ್ತಾದ ಹಾಗೆ ಕಾಣ್ತೀಯಾ. ಬದುಕೋದೇ ಬೇಡ ಅಂತ ಯಾವಾಗಲಾದರೂ ಅನ್ನಿಸಿದೆಯಾ?" ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳುವುದರಿಂದ ಮಗುವಿಗೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ. "ಹೌದು" ಎಂದರೆ ಉಪದೇಶ ಬೇಡ, ಅಳು ಬಂದರೆ ಅಡ್ಡಿಯಿಲ್ಲ. "ಹೇಳಿದ್ದು ಒಳ್ಳೆಯದಾಯಿತು, ನಾನಿದ್ದೇನೆ" ಎನ್ನಿ, ಒಂಟಿಯಾಗಿ ಬಿಡಬೇಡಿ, ಅದೇ ದಿನ ಸಹಾಯ ಪಡೆಯಿರಿ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕರೆ ಉಚಿತ, 24 ಗಂಟೆಯೂ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಸೇವೆ ಸಿಗುವ ಭಾಷೆಗಳಲ್ಲಿ ಕನ್ನಡವೂ ಇದೆ, ಮುಂಬೈ ಅಥವಾ ಚೆನ್ನೈನಿಂದ ಕರೆ ಮಾಡುವಾಗಲೂ ನಿಮಗೆ ಬೇಕಾದ ಭಾಷೆ ಕೇಳಿ. ತಂದೆತಾಯಿಯೂ ಮಾಡಬಹುದು, ಮಗುವೇ ತನಗೆ ಹಿತವಾದ ಭಾಷೆಯಲ್ಲಿ ಮಾಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಮನೆಯ ಔಷಧಿ ಡಬ್ಬಿಗೆ ಬೀಗ

ಫ್ರಿಜ್ಜಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ಇಡೀ ಮನೆಯ ಮಾತ್ರೆಗಳು ಇರುತ್ತವೆ: ಅಜ್ಜನ ಬಿ.ಪಿ., ಅಜ್ಜಿಯ ಸಕ್ಕರೆ ಕಾಯಿಲೆ, ನಿಮ್ಮ ಥೈರಾಯ್ಡ್, ಉಳಿದ ನಿದ್ದೆ ಮಾತ್ರೆ, ಅರ್ಧ ಮುಗಿದ ಪ್ಯಾರಸಿಟಮಾಲ್. ಈ ವರ್ಷ ಅವನ್ನು ಬೀಗ ಹಾಕುವ ಕಪಾಟಿನಲ್ಲಿಡಿ. ಹಳೆಯದನ್ನು ತೆಗೆದುಹಾಕಿ, ತಿಂಗಳಿಗೆ ಬೇಕಾದಷ್ಟೇ ತನ್ನಿ. ಇದು ಮಗುವಿನ ಮೇಲಿನ ಅನುಮಾನವಲ್ಲ. ತೀರಾ ಕೆಟ್ಟ ಗಳಿಗೆ ಅನೇಕ ಸಲ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಮಗು ಯಾವುದೇ ಮಾತ್ರೆಯನ್ನು ಹೆಚ್ಚಾಗಿ ನುಂಗಿದೆ ಎಂದು ತಿಳಿದರೆ "ಚೆನ್ನಾಗೇ ಇದ್ದಾಳಲ್ಲ" ಎಂದು ಕಾಯಬೇಡಿ. ಪ್ಯಾರಸಿಟಮಾಲ್‌ನಂಥ ಔಷಧಿಯಲ್ಲಿ ಮೊದಲ ದಿನ ಏನೂ ಆಗದಂತೆ ಕಂಡು, ಒಳಗೆ ಯಕೃತ್ತಿಗೆ ಹಾನಿಯಾಗುತ್ತಿರುತ್ತದೆ. ಬೇಗ ಹೋದರೆ ಅದಕ್ಕೆ ಚಿಕಿತ್ಸೆ ಇದೆ. ವಾಂತಿ ಮಾಡಿಸಲು ಹೋಗಬೇಡಿ, ಖಾಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೊರಡಿ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ವಿಧಿ ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ವೈದ್ಯರು ಖಿನ್ನತೆಗೆ ಮಾತ್ರೆ ಬರೆದರೆ ಎರಡು ವಿಷಯ ತಿಳಿದಿರಲಿ. ಗುಣ ಕಾಣಲು ಕೆಲವು ವಾರ ಬೇಕು. ಶುರುವಿನ ವಾರಗಳಲ್ಲಿ ಕೆಲವು ಹದಿಹರೆಯದವರಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಾಗಬಹುದು, ಆಗ ಹತ್ತಿರವಿದ್ದು ಗಮನಿಸಿ, ವೈದ್ಯರಿಗೆ ಕೂಡಲೇ ತಿಳಿಸಿ. ಪರೀಕ್ಷೆ ಮುಗಿಯಿತೆಂದು ಮಾತ್ರೆಯನ್ನು ಏಕಾಏಕಿ ನಿಲ್ಲಿಸಬೇಡಿ.

ಫಲಿತಾಂಶದ ದಿನ

ಪರೀಕ್ಷೆ ಮುಗಿದ ಮೇಲೆ ಮನೆಯವರ ಎಚ್ಚರ ಸಡಿಲಾಗುತ್ತದೆ. ಆದರೆ ಕೆಲವು ಮಕ್ಕಳಿಗೆ ಕಷ್ಟದ ದಿನ ಇನ್ನೂ ಬರಬೇಕಿರುತ್ತದೆ. ಫಲಿತಾಂಶ ಬರುವ ದಿನ ಮನೆಯಲ್ಲಿ ಯಾರಾದರೊಬ್ಬರು ಇರಿ. ಅಂಕವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ಮಗುವನ್ನು ಕೇಳಿ. ಊರಿನವರ ಫೋನಿಗೆ ನೀವೇ ಉತ್ತರಿಸಿ. ಒಂದು ವಿಷಯ ಹೋದರೆ ಪೂರಕ ಪರೀಕ್ಷೆ ಇದೆ, ಮರುಪರಿಶೀಲನೆ ಇದೆ, ಮುಂದಿನ ವರ್ಷ ಇದೆ. ಈ ಮಾತನ್ನು ಫಲಿತಾಂಶದ ನಂತರ ಸಮಾಧಾನಕ್ಕೆ ಹೇಳಿದರೆ ಮಗು ನಂಬುವುದು ಕಷ್ಟ. ಈಗಲೇ, ಪರೀಕ್ಷೆಗೆ ಮೊದಲೇ, ಒಮ್ಮೆ ಊಟಕ್ಕೆ ಕೂತಾಗ ಹೇಳಿಬಿಡಿ.

ಇವತ್ತು ಇಷ್ಟು ಮಾಡಿ: ಔಷಧಿ ಡಬ್ಬಿಯನ್ನು ಕೆಳಗಿಳಿಸಿ ವಿಂಗಡಿಸಿ, ಬೀಗ ಹಾಕಿ. 14416 ಸಂಖ್ಯೆಯನ್ನು ನಿಮ್ಮ ಫೋನಿನಲ್ಲೂ ಮಗುವಿನ ಫೋನಿನಲ್ಲೂ ಉಳಿಸಿ. ರಾತ್ರಿ ಮಗುವಿನ ಕೋಣೆಯ ದೀಪ ಎಷ್ಟು ಗಂಟೆಗೆ ಆರುತ್ತದೆ ಎಂದು ನೋಡಿಕೊಳ್ಳಿ. ನಾಳೆ ಬೆಳಿಗ್ಗೆ ಎಷ್ಟು ಓದಿದೆ ಎನ್ನುವ ಮೊದಲು ನಿದ್ದೆ ಬಂತಾ ಎಂದು ಕೇಳಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮಗುವಿನ ಔಷಧಿಯನ್ನು ಶುರು ಮಾಡುವ, ಬದಲಿಸುವ ಅಥವಾ ನಿಲ್ಲಿಸುವ ತೀರ್ಮಾನವನ್ನು ವೈದ್ಯರೊಂದಿಗೆ ಮಾತನಾಡಿಯೇ ತೆಗೆದುಕೊಳ್ಳಿ.